ಹಾರ್ಡ್‌ನರ್ ಅಂದ್ರೆ ಹೆಪ್ಪಲ್ಲ

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯೋಕೆ ಪ್ಲೈವುಡ್ಡಿನ ಸಣ್ಣ ದೋಣಿ ಇದೆ. ಹೋದ ವರ್ಷ ತಳ ಮತ್ತು ಪಕ್ಕದ ಹಲಗೆ ಕೂಡುವಲ್ಲಿ, ನೀರಿನ ಟ್ಯಾಂಕ್ ರಿಪೇರಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಹಾಕಿ ಫೈಬರ್ ಮ್ಯಾಟ್ ಅಂಟಿಸಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕಿತ್ತು ಬಂತು. ಈ ಸಲ ಎಪಾಕ್ಸಿ (ರೆಸಿನ್, ಹಾರ್ಡ್‌ನರ್ ಎರಡನ್ನೂ ಕಲಸಿ ಹಾಕುವ ಅಂಟು) ತಂದೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದೆ. ಎರಡು ದಿನವಾದರೂ ಕೈಗೆ ಅಂಟುತ್ತಿದೆ. ಇನ್ನೊಮ್ಮೆ ಕಲಸಿದ್ದು ಮಗ್‌ನಲ್ಲೇ ಹೊಗೆಯಾಡಿತು. ಏನು ತಪ್ಪಾಯ್ತು?
– ಓದುಗರೊಬ್ಬರು, ಬೀಳಗಿ ತಾಲ್ಲೂಕು

ಉತ್ತರ: ಪಾಲಿಯೆಸ್ಟರ್ ರೂಢಿಯನ್ನೇ ಎಪಾಕ್ಸಿಗೂ ತಂದಿದ್ದೀರಿ, ಅಷ್ಟೇ. ಪಾಲಿಯೆಸ್ಟರ್‌ಗೆ ಹಾಕುವ ಕ್ಯಾಟಲಿಸ್ಟ್ ಹಾಲಿಗೆ ಹಾಕುವ ಹೆಪ್ಪಿನ ಹಾಗೆ. ನೂರಕ್ಕೆ ಒಂದೆರಡು ಪಾಲು ಸಾಕು, ತುಸು ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ. ಎಪಾಕ್ಸಿಯ ಹಾರ್ಡ್‌ನರ್ ಹೆಪ್ಪಲ್ಲ. ರೆಸಿನ್ ಜೊತೆ ಅದೂ ಸೇರಿಯೇ ಗಟ್ಟಿ ಪದಾರ್ಥ ಆಗುವುದು. ಹೆಚ್ಚಾದದ್ದು ಜೋಡಿ ಸಿಗದೆ ಹಾಗೇ ಉಳಿಯುತ್ತದೆ, ಅದೇ ನಿಮ್ಮ ಕೈಗೆ ಅಂಟುತ್ತಿರುವುದು. ಕಾದರೂ ಸರಿಹೋಗಲ್ಲ. ಕೆರೆದು ತೆಗೆಯಿರಿ, ಅಸಿಟೋನ್‌ನಿಂದ ಒರೆಸಿ ಮತ್ತೆ ಹಾಕಿ. ಡಬ್ಬಿಯ ಮೇಲಿನ ಅಳತೆ ತೂಕದ್ದೋ (ಗ್ರಾಂ) ಗಾತ್ರದ್ದೋ (ಮಿಲಿ) ನೋಡಿಕೊಳ್ಳಿ. ತೂಕದ್ದಾದರೆ ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. (ಮನೆಯಲ್ಲಿ ಕೇಳಿ ತೆಗೆದುಕೊಳ್ಳಿ, ವಾಪಸ್ ಕೊಡೋ ಹಾಗಿರಲ್ಲ.)

ಹೊಗೆಯ ಕಥೆ ಬೇರೆ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಕಾಯುತ್ತದೆ. ಮಗ್‌ನಲ್ಲಿ ಒಟ್ಟಾಗಿ ನಿಂತರೆ ಆ ಬಿಸಿ ಹೊರಗೆ ಹೋಗದೆ ಇನ್ನೂ ಬಿಸಿ ಹುಟ್ಟಿಸುತ್ತದೆ. ನನ್ನದೂ ಒಂದು ಪ್ಲಾಸ್ಟಿಕ್ ಮಗ್ ಹಾಗೇ ಕರಗಿ ಬಾಗಿತ್ತು. ಸುಮಾರಾಗಿ ಸೆಕೆ 10 ಡಿಗ್ರಿ ಏರಿದರೆ ನಿಮಗೆ ಸಿಗುವ ಟೈಮ್ ಅರ್ಧ ಆಗುತ್ತದೆ. ನಮ್ಮ ಬಾಗಲಕೋಟೆ ಕಡೆಯ ಏಪ್ರಿಲ್ ಬಿಸಿಲು ಗೊತ್ತಲ್ವಾ? ನಿಧಾನವಾಗಿ ಗಟ್ಟಿಯಾಗಿಸುವ ಸ್ಲೋ ಹಾರ್ಡ್‌ನರ್ ಕೇಳಿ ತನ್ನಿ. ಸ್ವಲ್ಪ ಸ್ವಲ್ಪವೇ ಕಲಸಿ, ಕೂಡಲೇ ಅಗಲ ತಟ್ಟೆಗೆ ಸುರಿದುಕೊಳ್ಳಿ.

ಕೆಲಸ ಸಂಜೆ ಶುರು ಮಾಡಿ. ಬೆಳಿಗ್ಗೆ ಹಚ್ಚಿದರೆ ಬಿಸಿಲೇರಿದಂತೆ ಕಟ್ಟಿಗೆಯೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಸಂಜೆ ಕಟ್ಟಿಗೆ ತಣ್ಣಗಾಗುತ್ತಾ ರೆಸಿನ್ ಅನ್ನು ಒಳಗೆ ಎಳೆದುಕೊಳ್ಳುತ್ತದೆ.

ಹಳೆ ಮ್ಯಾಟ್ ಪೂರ್ತಿ ಕಿತ್ತು ಹಾಕಿ. ಪಾಲಿಯೆಸ್ಟರ್ ಕಟ್ಟಿಗೆಗೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಅದರ ಮೇಲೆ ಎಷ್ಟು ಎಪಾಕ್ಸಿ ಹಾಕಿದರೂ ಸುಮ್ನೆ ದುಡ್ಡು ದಂಡ. ಉಳಿದ ಮ್ಯಾಟ್ ಕೂಡ ಬೇಡ. ಅದರ ಎಳೆ ಹಿಡಿದಿಡುವ ಅಂಟು ಪಾಲಿಯೆಸ್ಟರ್‌ನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಕರಗಲ್ಲ. ನೇಯ್ದ ಗ್ಲಾಸ್ ಬಟ್ಟೆ ತನ್ನಿ, 200 ಜಿಎಸ್‌ಎಂ (ಚದರ ಮೀಟರ್‌ಗೆ 200 ಗ್ರಾಂ ತೂಗುವಂಥದ್ದು) ಸಾಕು. ಕಟ್ಟಿಗೆ ಚೆನ್ನಾಗಿ ಒಣಗಲಿ, ಆಮೇಲೆ 80 ನಂಬರ್ ಮರಳು ಕಾಗದದಿಂದ ಉಜ್ಜಿ. ಮೊದಲು ಬರೀ ಎಪಾಕ್ಸಿ ಒಂದು ಕೋಟ್. ನಂತರ ಎಪಾಕ್ಸಿಗೆ ನುಣ್ಣನೆಯ ಕಟ್ಟಿಗೆ ಹಿಟ್ಟು ಕಲಸಿ, ಹೋಳಿಗೆ ಹೂರಣದಷ್ಟು ಗಟ್ಟಿ ಮಾಡಿ. ಚಮಚ ಬೋರಲು ಹಿಡಿದರೂ ಬೀಳಬಾರದು. ಒಳಮೂಲೆಗೆ ತುಂಬಿ, ಚಮಚದ ಬೆನ್ನಿನಿಂದ ದುಂಡಗೆ ಎಳೆಯಿರಿ. ಅದು ಹಸಿ ಇದ್ದಾಗಲೇ ಬಟ್ಟೆ ಕೂರಿಸಿ. ರೆಸಿನ್ ಕುಡಿದ ಕಡೆ ಬಟ್ಟೆ ಕಣ್ಣಿಗೇ ಕಾಣದ ಹಾಗೆ ತಿಳಿಯಾಗುತ್ತದೆ. ಬೆಳ್ಳಗೆ ಉಳಿದ ಕಡೆ ಬ್ರಷ್ಷಿನಿಂದ ಇನ್ನಷ್ಟು ಕುಟ್ಟಿ.

ಕೈಗವಸು ಬಿಡಬೇಡಿ. ಎಪಾಕ್ಸಿ ಒಮ್ಮೆ ಚರ್ಮಕ್ಕೆ ಒಗ್ಗದಂತಾದರೆ ಆ ತುರಿಕೆ ಮುಂದೆ ಪ್ರತಿ ಸಲವೂ ಕಾಡುತ್ತದೆ. ಗಟ್ಟಿಯಾದ ಮೇಲೆ ಮೇಣದಂಥ ಜಿಡ್ಡು ಕಂಡರೆ ನೀರು ಹಾಕಿ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್‌ನಿಂದ ತೊಳೆಯಿರಿ, ಉಜ್ಜಿ, ಪೇಂಟ್ ಹೊಡೆಯಿರಿ. ಪೇಂಟ್ ಇಲ್ಲದ ಎಪಾಕ್ಸಿ ಬಿಸಿಲಿಗೆ ಹಾಳಾಗುತ್ತದೆ. ಹೊಳೆಗೆ ಹೊಸ ನೀರು ಬರುವುದರೊಳಗೆ ಇಷ್ಟಕ್ಕೆ ಟೈಮ್ ಇದೆ.