ಕೈಯಲ್ಲಿರುವ ವಾಚಿಗೆ ಕಾಲಿನ ಸುದ್ದಿ ಗೊತ್ತಾಗುತ್ತಾ?

"ನಮ್ಮ ಯಜಮಾನರು ರಾತ್ರಿಯೆಲ್ಲ ಕಾಲು ಜಾಡಿಸುತ್ತಾರೆ. ಅವರ ಸ್ಮಾರ್ಟ್‌ವಾಚ್ ಮಾತ್ರ ದಿನಾ ಒಳ್ಳೇ ನಿದ್ದೆ ಅಂತ ತೋರಿಸುತ್ತೆ. ಕಾಲಿಗೆ ಕಟ್ಟಿ ಅಳೆಯುವಂಥದ್ದು ಏನಾದರೂ ಇದೆಯಾ?" ಅಂತ ಕೇಳಿದ್ದೀರಿ. ಇದೆ. ನಾನೇ ಕಟ್ಟಿಕೊಂಡು ಮಲಗಿದ್ದೇನೆ. ನಮ್ಮನೆಯಲ್ಲಿ ಒದೆಯುವವನು ನಾನು, ಒದೆ ತಿನ್ನುವವಳು ನನ್ನ ಹೆಂಡತಿ. "ನಿಮ್ಮ ಕಾಲಿಗೊಂದು ಗೆಜ್ಜೆ ಕಟ್ತೀನಿ, ಆಗ ಎಷ್ಟು ಸಲ ಒದೀತೀರಿ ಅಂತ ನಿಮಗೇ ಗೊತ್ತಾಗುತ್ತೆ" ಅಂತ ಒಂದು ದಿನ ರೇಗಿದಳು. ಆ ಗೆಜ್ಜೆಯನ್ನೇ ನಾನು ಎಲೆಕ್ಟ್ರಾನಿಕ್ಸ್‌ನಲ್ಲಿ ಮಾಡಿಕೊಂಡೆ ಅನ್ನಿ.

ಮೊದಲು ವಾಚಿನ ವಿಷಯ. ಅದು ಸುಳ್ಳು ಹೇಳುತ್ತಿಲ್ಲ, ಅದಕ್ಕೆ ಕಾಣಿಸೋದೇ ಇಲ್ಲ. ನಿದ್ದೆಯಲ್ಲಿ ಕಾಲು ಜಾಡಿಸುವಾಗ ಕಾಲಿನ ಹೆಬ್ಬೆರಳು ಮೇಲಕ್ಕೆ ಸೆಟೆಯುತ್ತೆ, ಪಾದ ಮಂಡಿಯ ಕಡೆಗೆ ಎಳೆದುಕೊಳ್ಳುತ್ತೆ, ಜೋರಾಗಿದ್ದರೆ ಮಂಡಿಯೂ ಮಡಚುತ್ತೆ. ಅಷ್ಟೆಲ್ಲ ಆಗುವಾಗ ಕೈ ಮಾತ್ರ ದಿಂಬಿನ ಪಕ್ಕ ತೆಪ್ಪಗೆ ಬಿದ್ದಿರುತ್ತೆ.

ಆಸ್ಪತ್ರೆಯ ನಿದ್ದೆ ಪರೀಕ್ಷೆಯಲ್ಲಿ ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಅದರ ವಿದ್ಯುತ್ತನ್ನೇ ಅಳೆಯುತ್ತಾರೆ. ಮನೆಯಲ್ಲಿ ನಾವೇ ಅದನ್ನು ಮಾಡಿಕೊಳ್ಳೋದು ಕಷ್ಟ. ಅದರ ಬದಲು ಚಲನೆಯನ್ನು ಹಿಡಿಯುವ ಆಕ್ಸಿಲರೋಮೀಟರ್ ಸಾಕು. ಇದನ್ನೇ ಕಣಕಾಲಿಗೆ ಕಟ್ಟುವ ಹಾಗೆ ಮಾಡಿದ ಆಕ್ಟಿಗ್ರಾಫ್ ಅನ್ನೋ ಸಾಧನಗಳಿವೆ. ಹೆಚ್ಚಾಗಿ ಸಂಶೋಧನೆಯವರು ಬಳಸುತ್ತಾರೆ, ಬೆಲೆಯೂ ಜಾಸ್ತಿ. ನಾನು ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಆಕ್ಸಿಲರೋಮೀಟರ್ ಇರುವ ಎರಡು ಎಂಪಿಯು-6050 ಬೋರ್ಡು, ಒಂದು ಮೆಮೊರಿ ಕಾರ್ಡ್ ಮಾಡ್ಯೂಲ್ ತಂದೆ. ಲಿಥಿಯಂ ಬ್ಯಾಟರಿ ಹಾಸಿಗೆಯೊಳಗೆ ಬೇಡ ಅಂತ ಪವರ್ ಬ್ಯಾಂಕನ್ನು ಸ್ಟೂಲಿನ ಮೇಲಿಟ್ಟು ಉದ್ದ ವೈರ್ ಎಳೆದೆ. ಮೊದಲ ರಾತ್ರಿ ಎರಡು ಗಂಟೆಗೆ ಸ್ಟೂಲು, ಪವರ್ ಬ್ಯಾಂಕು, ನೀರಿನ ಚೊಂಬು ಎಲ್ಲ ಒಟ್ಟಿಗೆ ನೆಲಕ್ಕೆ ಬಿತ್ತು. ಆಮೇಲೆ ವೈರನ್ನು ಮಂಚದ ಕಾಲಿಗೆ ಸುತ್ತಿ, ಸಡಿಲ ಬಿಟ್ಟೆ.

ಕಟ್ಟುವ ಜಾಗ ಮುಖ್ಯ. ನಾನು ಮೊದಲು ಕಣಕಾಲಿಗೆ ಕಟ್ಟಿದೆ. ದೊಡ್ಡ ಒದೆತ ಸಿಕ್ಕಿತು, ಬರೀ ಪಾದ ಮಿಡುಕಿದ್ದು ತಪ್ಪಿಹೋಯಿತು. ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ ಇಟ್ಟು ಮೇಲಿಂದ ಬಿಗಿಯಾದ ಹತ್ತಿ ಸಾಕ್ಸ್ ಹಾಕಿದ ಮೇಲೆ ಸರಿಹೋಯಿತು. ಎರಡೂ ಕಾಲಿಗೆ ಹಾಕಬೇಕು. ಇವತ್ತು ಎಡಗಾಲು ಕುಣಿದರೆ ನಾಳೆ ಬಲಗಾಲು.

ಸೆಕೆಂಡಿಗೆ 50 ಸಲ ಅಳೆದರೆ ಎಂಟು ಗಂಟೆಗೆ ಒಂದು ಕಾಲಿನದೇ 14 ಲಕ್ಷ 40 ಸಾವಿರ ಅಳತೆ. ಹೆದರಬೇಡಿ, ಅದನ್ನೆಲ್ಲ ನಾವು ನೋಡೋದಿಲ್ಲ. ಕಾಲು ಅಲ್ಲಾಡದಿದ್ದರೂ ಸೆನ್ಸರ್ ಭೂಮಿಯ ಎಳೆತವನ್ನು ತೋರಿಸುತ್ತಲೇ ಇರುತ್ತೆ. ಮಗ್ಗುಲು ಬದಲಿಸಿದರೆ ಅದು ಒಂದು ಅಕ್ಷದಿಂದ ಇನ್ನೊಂದಕ್ಕೆ ಹೋಗುತ್ತೆ. ಆ ನಿಧಾನದ ಭಾಗವನ್ನು ಕಳೆದುಬಿಟ್ಟರೆ ಉಳಿಯೋದು ಝಟ್ಟನೆ ಆದ ಚಲನೆ ಮಾತ್ರ.

ಇನ್ನು ಎಣಿಕೆ. ಎಷ್ಟು ಸಲ ಅನ್ನೋದಕ್ಕಿಂತ ಎಷ್ಟು ಹೊತ್ತಿಗೊಮ್ಮೆ ಅನ್ನೋದನ್ನು ನೋಡಿ. ನಿದ್ದೆ ಲ್ಯಾಬಿನವರ ನಿಯಮದ ಪ್ರಕಾರ ಒಂದೊಂದು ಚಲನೆ ಅರ್ಧ ಸೆಕೆಂಡಿನಿಂದ 10 ಸೆಕೆಂಡಿನ ಒಳಗಿರಬೇಕು, ಒಂದು ಶುರುವಾದಲ್ಲಿಂದ ಮುಂದಿನದು ಶುರುವಾಗೋಕೆ 5ರಿಂದ 90 ಸೆಕೆಂಡು ಅಂತರ ಇರಬೇಕು, ಹಾಗೆ ಸಾಲಾಗಿ ಕನಿಷ್ಠ ನಾಲ್ಕು ಬರಬೇಕು. ಮಗ್ಗುಲು ಬದಲಿಸೋದು, ಸೊಳ್ಳೆಗೆ ಕಾಲು ಕೊಡವೋದು ಈ ಲೆಕ್ಕಕ್ಕೆ ಬರೋದಿಲ್ಲ. ನನ್ನ ಗ್ರಾಫ್ ತೆರೆದು ನೋಡಿದಾಗ ರಾತ್ರಿ ಹನ್ನೆರಡರಿಂದ ಎರಡರವರೆಗೆ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು ನಿಂತಿದ್ದವು. 24 ಸೆಕೆಂಡು, 27, 25, 26. ನಿದ್ದೆಯಲ್ಲಿ ನನಗೇ ಗೊತ್ತಿಲ್ಲದೆ ಯಾರೋ ತಾಳ ಹಾಕಿದ ಹಾಗಿತ್ತು. ಬೆಳಗಿನ ಜಾವಕ್ಕೆ ಗೆರೆಗಳು ವಿರಳ. ನನ್ನದು ಮಾತ್ರ ಅಲ್ಲ, ಬಹಳ ಜನರಲ್ಲಿ ಇದು ರಾತ್ರಿಯ ಮೊದಲರ್ಧದಲ್ಲೇ ಜಾಸ್ತಿ.

ಸೆನ್ಸರ್ ಲೆಕ್ಕದಲ್ಲಿ ಗಂಟೆಗೆ 38 ಬಂತು. ದೊಡ್ಡವರಲ್ಲಿ 15 ದಾಟಿದರೆ ಜಾಸ್ತಿ ಅಂತಾರೆ. ಗಾಬರಿಯಾಗಿ ಡಾಕ್ಟರ ಹತ್ತಿರ ಹೋದೆ, ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿದೆ. ಅಲ್ಲಿ 26. ನನ್ನ ಸೆನ್ಸರ್‌ಗೆ ನಾನು ಎಚ್ಚರವಾಗಿದ್ದೀನಾ, ನಿದ್ದೆಯಲ್ಲಿದ್ದೀನಾ ಗೊತ್ತಿಲ್ಲ. ಎಲ್ಲವನ್ನೂ ಸೇರಿಸಿ ಎಣಿಸಿತ್ತು. ಜೊತೆಗೆ ನಿದ್ದೆಯಲ್ಲಿ ಉಸಿರು ಕಟ್ಟಿ ಬಿಟ್ಟಾಗಲೂ ಕಾಲು ಜಾಡಿಸುತ್ತೆ. ಲ್ಯಾಬಿನವರು ಉಸಿರನ್ನೂ ಅಳೆಯೋದರಿಂದ ಅವನ್ನು ಬಿಟ್ಟು ಎಣಿಸುತ್ತಾರೆ. ಅಂದಹಾಗೆ, ಒಂದೇ ಮನುಷ್ಯನಿಗೆ ರಾತ್ರಿಯಿಂದ ರಾತ್ರಿಗೆ ಎಣಿಕೆ ತುಂಬಾ ಏರಿಳಿಯುತ್ತೆ. ಮನೆಯ ಸೆನ್ಸರ್‌ನ ನಿಜವಾದ ಲಾಭ ಇರೋದು ಇಲ್ಲೇ. ಲ್ಯಾಬಿನಲ್ಲಿ ಒಂದು ರಾತ್ರಿ, ಮನೆಯಲ್ಲಿ ಹದಿನೈದು ರಾತ್ರಿ.

ನಿಮ್ಮ ಯಜಮಾನರಿಗೆ ಗೊರಕೆ ಇದೆಯಾ? ಇದ್ದರೆ ಕಾಲಿಗಿಂತ ಮೊದಲು ಉಸಿರಿನ ಪರೀಕ್ಷೆ ಮಾಡಿಸಿ. ಸಂಜೆ ಹೊತ್ತು ಸುಮ್ನೆ ಕೂತಾಗ ಕಾಲಲ್ಲಿ ಏನೋ ಹರಿದಾಡಿದ ಹಾಗಾಗಿ ಎದ್ದು ಓಡಾಡಬೇಕು ಅನಿಸುತ್ತಾ ಅಂತಲೂ ಕೇಳಿ. ಅದು ರೆಸ್ಟ್‌ಲೆಸ್ ಲೆಗ್ಸ್ ಇರಬಹುದು. ಅದಿರುವವರಲ್ಲಿ ಹೆಚ್ಚಿನವರಿಗೆ ನಿದ್ದೆಯಲ್ಲಿ ಈ ಜಾಡಿಸುವಿಕೆಯೂ ಇರುತ್ತೆ, ಆದರೆ ಸಂಜೆಯ ಆ ಸಂಕಟ ಯಾವ ಸೆನ್ಸರ್‌ಗೂ ಕಾಣೋದಿಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕಾಲು ಜಾಡಿಸೋದು ಹೆಚ್ಚಾಗುತ್ತೆ. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ನನಗೆ ಸಂಜೆಯ ತೊಂದರೆಯೂ ಇತ್ತು, ರಕ್ತದಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ಬರೀ 19 ಬಂತು. ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು, ಹಾಗಾಗಿ ಅಲ್ಲಿಯವರೆಗೆ ಯಾರಿಗೂ ಅನುಮಾನ ಬಂದಿರಲಿಲ್ಲ. ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರು. ಪರೀಕ್ಷೆ ಮಾಡಿಸದೆ ಮಾತ್ರೆ ತಗೋಬೇಡಿ, ಕಬ್ಬಿಣ ಜಾಸ್ತಿಯಾದರೂ ಅಪಾಯ.

ನೀವು ಇವತ್ತು ರಾತ್ರಿಯೇ ಮಾಡಬಹುದಾದದ್ದು ಒಂದಿದೆ. ಅವರಿಗೆ ಮೊದಲೇ ಹೇಳಿ, ನಿದ್ದೆ ಹತ್ತಿ ಒಂದು ಗಂಟೆಯಾದ ಮೇಲೆ ಹೊದಿಕೆ ಸರಿಸಿ, ಮಂದ ಬೆಳಕಿನಲ್ಲಿ ಎರಡೂ ಪಾದ ಕಾಣುವ ಹಾಗೆ ಫೋನಿನಲ್ಲಿ ಇಪ್ಪತ್ತು ನಿಮಿಷ ವಿಡಿಯೊ ಮಾಡಿ. ಬೆಳಗ್ಗೆ ಕಾಫಿ ಕುಡಿಯುತ್ತಾ ಇಬ್ಬರೂ ಕೂತು ಹೆಬ್ಬೆರಳು ಸೆಟೆದ ಸಮಯ ಬರೆದುಕೊಳ್ಳಿ. ಅಂತರಗಳು ಒಂದೇ ಥರ ಬಂದರೆ ಆ ಚೀಟಿ, ವಿಡಿಯೊ ಎರಡನ್ನೂ ನ್ಯೂರಾಲಜಿಸ್ಟ್ ಹತ್ತಿರ ತಗೊಂಡು ಹೋಗಿ. ಸೆನ್ಸರ್ ಮಾಡಬೇಕು ಅನಿಸಿದರೆ ಇಲ್ಲೇ ಕೇಳಿ, ಸರ್ಕ್ಯೂಟ್ ಬರೆದು ಹಾಕುತ್ತೇನೆ. ಸ್ಟೂಲಿನ ಮೇಲೆ ನೀರಿಡಬೇಡಿ ಅಷ್ಟೇ.