ಪ್ರತಿಕ್ರಿಯೆ: 1% ಕ್ರೇಟ್ 100 ಸಲ ತೆರೆದರೂ ಬರಲಿಲ್ಲ ಅಂದ್ರೆ ಮೋಸವಾ?

ಸಕಲೇಶಪುರದಿಂದ ಕೇಳಿದ್ದೀರಿ: ಆಟದಲ್ಲಿ 1% ಅವಕಾಶ ಅಂತ ಬರೆದಿರೋ ಗನ್ ಸ್ಕಿನ್‌ಗೆ (ಬಂದೂಕಿನ ಹೊರ ಅಲಂಕಾರ) 100 ಕ್ರೇಟ್ (ಒಳಗೇನಿದೆ ಅಂತ ಮೊದಲೇ ಗೊತ್ತಾಗದ ಬಹುಮಾನದ ಪೆಟ್ಟಿಗೆ) ತೆರೆದರೂ ಸಿಗಲಿಲ್ಲ, ಇದು ಮೋಸವಾ, ಇಲ್ಲಾ ನಮ್ಮ ಘಾಟಿ ಕಡೆಯ ನೆಟ್‌ವರ್ಕ್ ಕಾರಣವಾ ಅಂತ.

ನೆಟ್‌ವರ್ಕ್ ಅಲ್ಲ. ಕ್ರೇಟ್‌ನಲ್ಲಿ ಏನು ಬರಬೇಕು ಅನ್ನೋದು ಸಾಮಾನ್ಯವಾಗಿ ಆಟದ ಕಂಪನಿಯ ಸರ್ವರ್‌ನಲ್ಲೇ ತೀರ್ಮಾನ ಆಗುತ್ತೆ. ಪಿಂಗ್ (ಸರ್ವರ್‌ಗೆ ಹೋಗಿ ಬರೋ ವಿಳಂಬ) 200 ಮಿಲಿಸೆಕೆಂಡ್ ದಾಟಿದ್ರೆ ಪಂದ್ಯದಲ್ಲಿ ಪೆಟ್ಟು ತಿಂತೀರಿ, ಕ್ರೇಟ್‌ನಲ್ಲಲ್ಲ. ಮೋಸ ಅನ್ನೋಕೂ ಇಷ್ಟು ಸಾಲದು. ಒಂದು ಸಲ ಬಾರದಿರೋ ಸಾಧ್ಯತೆ 0.99; ಅದನ್ನ 100 ಸಲ ಗುಣಿಸಿದ್ರೆ 0.366. ಅಂದ್ರೆ ನೂರು ಜನ ತಲಾ 100 ತೆರೆದರೆ ಸುಮಾರು 37 ಮಂದಿ ಬರಿಗೈ. ಒಂದಾದರೂ ಸಿಗುತ್ತೆ ಅನ್ನೋ 90% ಭರವಸೆಗೆ 230 ಕ್ರೇಟ್ ಬೇಕು. 101ನೆಯದಕ್ಕೂ ಅದೇ 1%, ಹಳೇ ಸೋಲು ಜಮಾ ಆಗಲ್ಲ.

ಜಮಾ ಆಗೋದು ಖಾತ್ರಿ ಎಣಿಕೆ, ಅಂದ್ರೆ ಇಷ್ಟು ಸಲದೊಳಗೆ ಕೊಟ್ಟೇ ಕೊಡ್ತೀವಿ ಅನ್ನೋ ನಿಯಮ ಇದ್ದಾಗ ಮಾತ್ರ, ಆಟಗಾರರು 'ಪಿಟಿ' (pity) ಅನ್ನೋದು ಇದನ್ನೇ. ಗೆನ್‌ಶಿನ್ ಇಂಪ್ಯಾಕ್ಟ್‌ನ ಈವೆಂಟ್ ಪಾತ್ರದ ಡ್ರಾದಲ್ಲಿ ಐದು ಸ್ಟಾರ್ (ಅತಿ ಮೇಲಿನ ದರ್ಜೆ) ಪಾತ್ರಕ್ಕೆ ಸಲಕ್ಕೆ 0.6%, ಆದರೆ 90 ಸಲದೊಳಗೆ ಒಂದು ಖಚಿತ. ಅದು ನಿಮಗೆ ಬೇಕಾದ ಪಾತ್ರವೇ ಆಗಬೇಕಿಲ್ಲ. ಮೊದಲನೆಯದು ಬೇರೆ ಬಂದ್ರೆ ಮುಂದಿನ ಐದು ಸ್ಟಾರ್ ಆ ಈವೆಂಟ್ ಪಾತ್ರವೇ, ಹಾಗಾಗಿ ಕೆಟ್ಟ ಲೆಕ್ಕ 180 ಸಲ, ಸಲಕ್ಕೆ 160ರಂತೆ 28,800 ಪ್ರೈಮೊಜೆಮ್ (ಆ ಆಟದೊಳಗಿನ ನಾಣ್ಯ). ನಿಮ್ಮ ಆಟದ ವಿವರ ಪುಟದಲ್ಲಿ ಎಣಿಕೆ ಇದೆಯಾ, ಈವೆಂಟ್ ಮುಗಿದ್ರೆ ಸೊನ್ನೆ ಆಗುತ್ತಾ ನೋಡಿ. ಆಮೇಲೆ ದುಡ್ಡು.

ಗ್ರೈಂಡ್ ಮಾಡೋದಾದ್ರೆ, ಅಂದ್ರೆ ದುಡ್ಡು ಹಾಕದೆ ದಿನಾ ಆಡಿ ಕೂಡಿಸೋದಾದ್ರೆ, ಮೊದಲು ಲೆಕ್ಕ ಹಾಕಿ. ಉದಾಹರಣೆಗೆ ಬಹುಮಾನಕ್ಕೆ 1,200 ಟೋಕನ್ ಬೇಕು, ದಿನಕ್ಕೆ 40 ಸಿಗುತ್ತೆ, ಈವೆಂಟ್ 21 ದಿನ ಅಂದ್ರೆ 360 ಕಮ್ಮಿ ಬೀಳುತ್ತೆ. ಆ ಕೊರತೆಯನ್ನೇ ಅವರು ಮಾರೋದು. ಕಾಫಿ ಕೊಯ್ಲಲ್ಲಿ ನಾಲ್ಕು ದಿನ ಲಾಗಿನ್ ತಪ್ಪಿದ್ರೆ ಇನ್ನೂ 160 ಸೇರಿಸಿಕೊಳ್ಳಿ.