5ಕೆ ಟೈಮ್ ಒಂದನ್ನೇ ನೋಡಿ ಎ-ಬಿ-ಸಿ ಮಾಡಬೇಡಿ

ಸರ್, ನಮ್ಮ ಓಟಗಾರರನ್ನ ಗುಂಪು ಮಾಡೋಕೆ 25 ನಿಮಿಷದೊಳಗೆ 5ಕೆ (5 ಕಿ.ಮೀ.) ಓಡುವವರು ಎ, 30ರೊಳಗಿನವರು ಬಿ, ಉಳಿದವರು ಸಿ, ಲಾಂಗ್ ರನ್ನಿಗೂ (ದೂರದ ಅಭ್ಯಾಸ ಓಟ) ಮ್ಯಾರಥಾನ್ ಪೇಸಿಗೂ (ಕಿ.ಮೀ.ಗೆ ತಗೊಳ್ಳೋ ಸಮಯ) ಅದೇ ಪಟ್ಟಿ ಅಂದಿದ್ದೀರಿ. ದಯವಿಟ್ಟು ಬೇಡ. 5ಕೆಯಿಂದ ವೇಗ ಗೊತ್ತಾಗುತ್ತೆ, ದೂರ ಹೆಚ್ಚಿದ ಹಾಗೆ ಆ ವೇಗ ಎಷ್ಟು ಕರಗುತ್ತೆ ಅನ್ನೋದು ಗೊತ್ತಾಗಲ್ಲ.

ಒಂದು ದೂರದ ಟೈಮ್‌ನಿಂದ ಇನ್ನೊಂದು ದೂರದ ಟೈಮ್ ಅಂದಾಜು ಮಾಡೋ ರೀಗಲ್ ಸೂತ್ರದ 1.06 ಘಾತ (ಇದು ಹೆಚ್ಚಿದಷ್ಟೂ ದೂರದ ಓಟದಲ್ಲಿ ವೇಗ ಹೆಚ್ಚು ಕರಗುತ್ತೆ) ಹಾಕಿದರೆ 25:00ರ 5ಕೆಗೆ ಹಾಫ್ ಮ್ಯಾರಥಾನ್ (21.1 ಕಿ.ಮೀ.) 1 ಗಂಟೆ 55 ನಿಮಿಷ, ಫುಲ್ (42.2 ಕಿ.ಮೀ.) 4 ಗಂಟೆಗೆ ಸ್ವಲ್ಪ ಕಡಿಮೆ ಬರುತ್ತೆ. ಆದರೆ 1.06 ಎಲ್ಲರದ್ದೂ ಅಲ್ಲ. ಪ್ರತಿಯೊಬ್ಬರದ್ದನ್ನೂ ಬೇರೆಯಾಗಿ ತೆಗೀರಿ: ಎರಡು ಟೈಮ್‌ಗಳ ಅನುಪಾತದ ಲಾಗ್ ಅನ್ನು ಎರಡು ದೂರಗಳ ಅನುಪಾತದ ಲಾಗ್‌ನಿಂದ ಭಾಗಿಸಿ. ಅದೇ 25:00 ಓಡುವ ಇನ್ನೊಬ್ಬರ ಹಾಫ್ 2:10 ಇದ್ದರೆ ಘಾತ 1.145, ಫುಲ್ ಸುಮಾರು 4:47. ನಿಮ್ಮ ಪಟ್ಟಿಯಲ್ಲಿ ಇಬ್ಬರೂ ಒಂದೇ ಗುಂಪು! ಇಂಟರ್ವಲ್ಸಿಗೆ (ನಡುನಡುವೆ ಸುಧಾರಿಸಿಕೊಂಡು ಜೋರಾಗಿ ಓಡೋ ಅಭ್ಯಾಸ) ಇಬ್ಬರೂ ಒಟ್ಟಿಗೆ ಓಡಲಿ. ಲಾಂಗ್ ರನ್ನಿಗೆ ಮಾತ್ರ, ಘಾತ 1.10 ದಾಟಿದವರು ಕೆಳಗಿನ ಗುಂಪಿಗೆ ಹೋಗಲೇಬೇಕು, ಬೇಜಾರಾದರೂ ಸರಿ.

ಎರಡೂ ಓಟ ಆರೆಂಟು ವಾರದೊಳಗಿನವು, ಸಮತಟ್ಟು ದಾರಿಯವು, ಹೆಚ್ಚುಕಡಿಮೆ ಒಂದೇ ಹವೆಯವು ಆಗಿರಬೇಕು. ಮೂರು ವರ್ಷ ಹಳೇ ಪಿಬಿ (ಅವರವರ ಅತ್ಯುತ್ತಮ ಟೈಮ್) ಲೆಕ್ಕಕ್ಕಿಲ್ಲ. ಹಾಫ್ ಓಡದವರಿಗೆ 10ಕೆ ನಡೆಯುತ್ತೆ, ಆದರೆ ಅಲ್ಲಿ 30 ಸೆಕೆಂಡ್ ತಪ್ಪಿದರೆ ಘಾತ 0.014 ಅಲುಗುತ್ತೆ. ಹಾಫ್‌ನಲ್ಲಿ ಅಷ್ಟೇ ತಪ್ಪಿಗೆ 0.003.

5ಕೆ ಟೆಸ್ಟನ್ನ 400 ಮೀಟರ್ ಟ್ರ್ಯಾಕಲ್ಲೇ ಮಾಡಿ, ಒಂದನೇ ಲೇನಲ್ಲೇ. ಎರಡನೇ ಲೇನಲ್ಲಿ ಒಂದು ಸುತ್ತು ಸುಮಾರು 407.7 ಮೀಟರ್. ಹನ್ನೆರಡೂವರೆ ಸುತ್ತಿಗೆ 96 ಮೀಟರ್ ಹೆಚ್ಚು, 25:00ರವರಿಗೆ ಅರ್ಧ ನಿಮಿಷದ ನಷ್ಟ. ಎಲ್ಲರನ್ನೂ ಒಟ್ಟಿಗೆ ಬಿಟ್ಟರೆ ಓವರ್‌ಟೇಕ್ ಮಾಡೋದರಲ್ಲೇ ಈ ನಷ್ಟ ಆಗುತ್ತೆ, ಅದಕ್ಕೇ ಆರೆಂಟು ಜನರ ಬ್ಯಾಚ್ ಮಾಡಿ. 200 ಮೀಟರ್ ಗುರುತಿಂದ ಹೊರಡಿಸಿದರೆ ಅರ್ಧ ಸುತ್ತಿನ ಗೊಂದಲ ಇರಲ್ಲ. ಸುತ್ತು ಎಣಿಸೋಕೆ ಓಡದವರೊಬ್ಬರು ಇರಲಿ. ಹದಿನೈದು ನಿಮಿಷ ನಿಧಾನ ಜಾಗ್, ನಾಲ್ಕು ಸ್ಟ್ರೈಡ್ಸ್ (ಚಿಕ್ಕ ವೇಗದ ಓಟಗಳು), ಆಮೇಲೆ ಟೆಸ್ಟ್. 25:00 ಅಂದರೆ ಸುತ್ತಿಗೆ ಸರಿಯಾಗಿ 2:00. ಮೊದಲ ಸುತ್ತು 1:50ಕ್ಕೆ ಓಡಿದವರು ಎಂಟನೇ ಸುತ್ತಿಗೆ ಸತ್ತಿರ್ತಾರೆ, ಆ ಟೈಮ್ ಬರೆದುಕೊಳ್ಳಲೇಬೇಡಿ, ಹತ್ತು ದಿನ ಬಿಟ್ಟು ಮತ್ತೆ ಓಡಿಸಿ. ಒಂದು ಟೆಸ್ಟಿಗೆ ಕಾರ್ಬನ್ ಪ್ಲೇಟ್ ಇರೋ ರೇಸ್ ಶೂ, ಇನ್ನೊಂದಕ್ಕೆ ಮಾಮೂಲಿ ಅಭ್ಯಾಸದ ಶೂ ಹಾಕಿದರೂ ಹೋಲಿಕೆ ಕೆಡುತ್ತೆ.

ಗಾರ್ಮಿನ್ ಆಗಲಿ ಕೋರೋಸ್ ಆಗಲಿ, ವಾಚು ತೋರಿಸೋ ವಿಒ2 ಮ್ಯಾಕ್ಸ್ (ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸುತ್ತೆ ಅನ್ನೋ ಅಳತೆ) ನೋಡಿ ಗುಂಪು ಮಾಡೋರಿಗಂತೂ ಏನು ಹೇಳೋದು! ಅದು ಅಂದಾಜು. ಮಣಿಕಟ್ಟಿನ ಸೆನ್ಸರ್ ಕೆಲವು ಸಲ ಹೃದಯ ಬಡಿತ ಬಿಟ್ಟು ಹೆಜ್ಜೆಯ ಲಯವನ್ನೇ ಎಣಿಸಿ 170-180 ತೋರಿಸುತ್ತೆ. ಹಾರ್ಟ್ ರೇಟ್ ಬೇಕೇ ಬೇಕು ಅಂದರೆ ಎದೆಪಟ್ಟಿ ತಗೊಳ್ಳಿ, ಪೋಲಾರ್ ಎಚ್10 ಚೆನ್ನಾಗಿದೆ. ಪಟ್ಟಿ ಒದ್ದೆ ಮಾಡಿ ಕಟ್ಟಿಕೊಳ್ಳಿ, ಒಣಗಿದ್ದರೆ ಮೊದಲ ಹತ್ತು ನಿಮಿಷ ಏನೇನೋ ತೋರಿಸುತ್ತೆ.

ಇನ್ನೊಂದು, ಈಸಿ ರನ್ ಪೇಸ್. 25:00ರವರಿಗೆ ಕಿ.ಮೀ.ಗೆ 6:20ರಿಂದ 7:00 ಸಾಕು, ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಎ ಗುಂಪಿನವರು 5:40ಕ್ಕೆ ಎಳೆದುಕೊಂಡು ಹೋಗೋದನ್ನ ಮೊದಲು ನಿಲ್ಲಿಸಿ. ಲಾಂಗ್ ರನ್ ಗುಂಪಿನೊಳಗೆ ಪೇಸ್ ಅಂತರ 15 ಸೆಕೆಂಡ್ ಮೀರದಿರಲಿ, 20 ಕಿ.ಮೀ.ಗೆ ಅದೇ ಐದು ನಿಮಿಷ ಆಗುತ್ತೆ. ರೇಸ್ ಫಾರ್ಮಲ್ಲಿ ಟೈಮ್ ಬರೆಯುವಾಗ ಚಿಪ್ ಟೈಮೇ (ನೀವು ಆರಂಭದ ಗೆರೆ ದಾಟಿದಾಗಿಂದ ಎಣಿಸಿದ್ದು) ಹಾಕಿ, ಗನ್ ಟೈಮ್ (ರೇಸ್ ಶುರುವಾದಾಗಿಂದ ಎಣಿಸಿದ್ದು) ಹಾಕಿದರೆ ಹಿಂದಿನ ಕೊರಲ್ (ಹೊರಡೋಕೆ ನಿಲ್ಲಿಸೋ ವಿಭಾಗ) ಸಿಗುತ್ತೆ. ಹಾಫ್‌ನಲ್ಲಿ ವಾಚು 21.3 ಕಿ.ಮೀ. ತೋರಿಸಿದರೆ ಕೋರ್ಸ್ ಉದ್ದ ಇದೆ ಅಂತ ಜಗಳ ತೆಗೀಬೇಡಿ. ಪ್ರಮಾಣಿತ ಕೋರ್ಸನ್ನ ಅತಿ ಚಿಕ್ಕ ದಾರಿ ಹಿಡಿದು ಅಳೆದು, ಮೇಲೆ ಕಿ.ಮೀ.ಗೆ ಒಂದು ಮೀಟರ್ ಸೇರಿಸಿರ್ತಾರೆ. ತಿರುವುಗಳಲ್ಲಿ ನೀವು ಹೊರಗಡೆಯಿಂದ ಬಳಸಿ ಓಡಿರ್ತೀರಿ, ಜಿಪಿಎಸ್ ತಪ್ಪೂ ಸೇರಿರುತ್ತೆ, ಅಷ್ಟೇ.